ವಿಶ್ವದ ಹುಟ್ಟಿನ ಸಿದ್ಧಾಂತಗಳಿಗೆ ಪರೀಕ್ಷೆ ಹೇಗೆ?

ವಿಶ್ವ ಹುಟ್ಟಿದ್ದನ್ನು ಕಂಡವರು ಯಾರೂ ಇಲ್ಲ. ಈಗಿನ ಲೆಕ್ಕದ ಪ್ರಕಾರ ಅದು ಸುಮಾರು 1380 ಕೋಟಿ ವರ್ಷಗಳ ಹಿಂದಿನ ಮಾತು. ಇನ್ನೊಂದು ವಿಶ್ವವನ್ನು ಪ್ರಯೋಗಾಲಯದಲ್ಲಿ ಸೃಷ್ಟಿಸಿ ನೋಡುವಂತಿಲ್ಲ. ಇರುವ ಒಂದನ್ನೇ ಮತ್ತೆ ಮೊದಲಿನಿಂದ ನಡೆಸುವಂತೆಯೂ ಇಲ್ಲ. ಹಾಗಾದರೆ ವಿಶ್ವದ ಹುಟ್ಟಿನ ಬಗ್ಗೆ ವಿಜ್ಞಾನಿಗಳು ಹೇಳುವ ಮಾತಿಗೂ ಪುರಾಣಗಳ ಸೃಷ್ಟಿಕಥೆಗೂ ವ್ಯತ್ಯಾಸವೇನು?

ಇದು ಹೊರಗಿನವರು ಮಾತ್ರ ಎತ್ತುವ ಪ್ರಶ್ನೆಯಲ್ಲ. ಕಳೆದ ಒಂದು ದಶಕದಿಂದ ವಿಶ್ವವಿಜ್ಞಾನಿಗಳೇ ಇದೇ ವಿಷಯಕ್ಕೆ ಬಹಿರಂಗವಾಗಿ ವಾದ ಮಾಡುತ್ತಿದ್ದಾರೆ. ಉತ್ತರದ ತಿರುಳು ಸರಳ. ಆಕಾಶದಲ್ಲಿ ಏನು ಕಾಣಬೇಕು ಎಂಬುದನ್ನು ಸಿದ್ಧಾಂತ ಮೊದಲೇ ಹೇಳಬೇಕು, ಅದೂ ಸಂಖ್ಯೆಯಲ್ಲಿ. ಏನು ಕಂಡರೆ ತಾನು ತಪ್ಪೆಂದು ಒಪ್ಪಿಕೊಳ್ಳಬೇಕಾಗುತ್ತದೆ ಎನ್ನುವುದೂ ಅದರಲ್ಲಿ ಸ್ಪಷ್ಟವಾಗಿರಬೇಕು. ಹೇಳುವುದು ಸುಲಭವಾದರೂ ಪಾಲಿಸುವುದು ಎಷ್ಟು ಕಷ್ಟ ಎಂಬುದನ್ನು ಈ ಕ್ಷೇತ್ರದ ಇತಿಹಾಸ ಮತ್ತೆ ಮತ್ತೆ ತೋರಿಸಿದೆ.

ಸೋಲಲು ಸಿದ್ಧವಿದ್ದ ಸಿದ್ಧಾಂತ

ಒಂದು ಹೇಳಿಕೆಯನ್ನು ತಪ್ಪೆಂದು ತೋರಿಸಲು ದಾರಿಯೇ ಇಲ್ಲದಿದ್ದರೆ ಅದು ವಿಜ್ಞಾನವಲ್ಲ ಎಂದು ವಾದಿಸಿದವರು ವಿಯೆನ್ನಾದ ತತ್ವಜ್ಞಾನಿ ಕಾರ್ಲ್ ಪಾಪರ್. ಅವರ ಪುಸ್ತಕ ಜರ್ಮನ್ ಭಾಷೆಯಲ್ಲಿ 1934ರಲ್ಲಿ ಬಂತು, ಇಂಗ್ಲಿಷಿನಲ್ಲಿ 1959ರಲ್ಲಿ. ಈ ವಿಚಾರವನ್ನು ಮನಸಾರೆ ಒಪ್ಪಿಕೊಂಡಿದ್ದ ವಿಜ್ಞಾನಿಗಳಲ್ಲಿ ಹರ್ಮನ್ ಬಾಂಡಿ ಒಬ್ಬರು. 1948ರಲ್ಲಿ ಬಾಂಡಿ, ಥಾಮಸ್ ಗೋಲ್ಡ್ ಮತ್ತು ಫ್ರೆಡ್ ಹಾಯ್ಲ್ ‘ಸ್ಥಿರ ಸ್ಥಿತಿ’ ಸಿದ್ಧಾಂತವನ್ನು ಮುಂದಿಟ್ಟರು. ವಿಶ್ವಕ್ಕೆ ಆರಂಭವೇ ಇಲ್ಲ, ಅದು ಹಿಗ್ಗುತ್ತಾ ಹೋದಂತೆ ಖಾಲಿಯಾದ ಜಾಗದಲ್ಲಿ ಹೊಸ ದ್ರವ್ಯ ಅತಿ ನಿಧಾನವಾಗಿ ಹುಟ್ಟುತ್ತದೆ, ಹೀಗಾಗಿ ಯಾವ ಕಾಲದಲ್ಲಿ ನೋಡಿದರೂ ವಿಶ್ವ ಒಂದೇ ರೀತಿ ಕಾಣುತ್ತದೆ ಎಂಬುದು ಅದರ ಸಾರ. ಇದಕ್ಕೆ ಎದುರಾಗಿ ನಿಂತ ಸಿದ್ಧಾಂತಕ್ಕೆ ‘ಬಿಗ್ ಬ್ಯಾಂಗ್’ ಎಂಬ ಹೆಸರು ಕೊಟ್ಟವರೂ ಹಾಯ್ಲ್ ಅವರೇ, 1949ರ ಬಿಬಿಸಿ ರೇಡಿಯೋ ಭಾಷಣದಲ್ಲಿ.

ಸ್ಥಿರ ಸ್ಥಿತಿ ಸಿದ್ಧಾಂತ ಇಂದು ಸೋತ ಸಿದ್ಧಾಂತ. ಆದರೂ ಪರೀಕ್ಷೆಗೆ ಒಡ್ಡಿಕೊಳ್ಳುವುದು ಎಂದರೇನು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ದೂರದ ವಸ್ತುವಿನಿಂದ ಬರುವ ಬೆಳಕು ಹಳೆಯದು. ದೂರ ನೋಡುವುದೆಂದರೆ ಹಿಂದಿನ ಕಾಲವನ್ನು ನೋಡುವುದು. ವಿಶ್ವ ಎಂದೂ ಬದಲಾಗಿಲ್ಲ ಎನ್ನುವವರು ದೂರದ ವಿಶ್ವವೂ ಹತ್ತಿರದ್ದರಂತೆಯೇ ಇರಬೇಕು ಎಂದು ಒಪ್ಪಲೇಬೇಕು. ಅಲ್ಲಿ ಜಾರಿಕೊಳ್ಳಲು ಜಾಗವಿಲ್ಲ.

ಕೇಂಬ್ರಿಜ್‌ನಲ್ಲಿ ಮಾರ್ಟಿನ್ ರೈಲ್ ಮಾಡಿದ್ದು ಇದೇ ಲೆಕ್ಕವನ್ನು. ರೇಡಿಯೋ ಅಲೆಗಳನ್ನು ಹೊರಸೂಸುವ ಗೆಲಾಕ್ಸಿಗಳನ್ನು ಅವರ ತಂಡ ಎಣಿಸಿತು. 1955ರ ಮೊದಲ ಎಣಿಕೆಯಲ್ಲಿ ದೋಷಗಳಿದ್ದವು, ಆಸ್ಟ್ರೇಲಿಯಾದ ಖಗೋಳ ವಿಜ್ಞಾನಿಗಳ ಎಣಿಕೆ ಅದಕ್ಕೆ ತಾಳೆಯಾಗಲಿಲ್ಲ. ಹಾಯ್ಲ್ ಕಡೆಯವರು ಅದನ್ನು ಒಪ್ಪದಿದ್ದುದು ಸರಿಯಾಗಿಯೇ ಇತ್ತು. 1961ರ ಹೊತ್ತಿಗೆ ಉತ್ತಮ ಅಂಕಿಗಳು ಬಂದವು. ಮಸುಕಾಗಿ ಕಾಣುವ, ಅಂದರೆ ದೂರದ ಮೂಲಗಳ ಸಂಖ್ಯೆ ಸ್ಥಿರ ಸ್ಥಿತಿಯ ಲೆಕ್ಕಕ್ಕಿಂತ ಹೆಚ್ಚಾಗಿತ್ತು. ಹಿಂದಿನ ವಿಶ್ವ ಈಗಿನಂತಿರಲಿಲ್ಲ ಎಂಬುದಕ್ಕೆ ಅದು ಮೊದಲ ಗಟ್ಟಿ ಸುಳಿವು. ಆಗ ಹಾಯ್ಲ್ ಅವರ ಜೊತೆ ನಿಂತು ಸಿದ್ಧಾಂತವನ್ನು ಸಮರ್ಥಿಸಿದ ಯುವ ಶಿಷ್ಯ ಜಯಂತ ನಾರ್ಳೀಕರ್. ಕೊಲ್ಹಾಪುರದಲ್ಲಿ ಹುಟ್ಟಿದ ಅವರೇ ಮುಂದೆ 1988ರಲ್ಲಿ ಪುಣೆಯ ಅಂತರ ವಿಶ್ವವಿದ್ಯಾಲಯ ಖಗೋಳ ವಿಜ್ಞಾನ ಕೇಂದ್ರವಾದ ಐಯುಕಾದ ಸ್ಥಾಪಕ ನಿರ್ದೇಶಕರಾದರು.

ದೊಡ್ಡ ಪೆಟ್ಟು ಬಿದ್ದದ್ದು 1965ರಲ್ಲಿ. ಅಮೆರಿಕದ ನ್ಯೂಜೆರ್ಸಿಯಲ್ಲಿ ಬೆಲ್ ಲ್ಯಾಬ್ಸ್‌ನ ಆರ್ನೋ ಪೆಂಜಿಯಾಸ್ ಮತ್ತು ರಾಬರ್ಟ್ ವಿಲ್ಸನ್ ತಮ್ಮ ಆಂಟೆನಾದಲ್ಲಿ ಎಲ್ಲ ದಿಕ್ಕಿನಿಂದಲೂ ಒಂದೇ ಸಮನಾಗಿ ಬರುತ್ತಿದ್ದ ಗುಯ್ಗುಟ್ಟುವಿಕೆಯನ್ನು ತೊಲಗಿಸಲು ಹೆಣಗುತ್ತಿದ್ದರು. ಪಾರಿವಾಳಗಳ ಹಿಕ್ಕೆಯನ್ನೂ ಒರೆಸಿ ನೋಡಿದರು, ಹೋಗಲಿಲ್ಲ. ಅದು ಬಿಸಿಯಾಗಿದ್ದ ಆದಿ ವಿಶ್ವದ ಉಳಿಕೆ ವಿಕಿರಣ ಎಂದು ಆಮೇಲೆ ತಿಳಿಯಿತು. ರಾಲ್ಫ್ ಆಲ್ಫರ್ ಮತ್ತು ರಾಬರ್ಟ್ ಹರ್ಮನ್ 1948ರಲ್ಲೇ ಇಂಥ ವಿಕಿರಣ ಇರಬೇಕು, ಅದರ ತಾಪಮಾನ ಸುಮಾರು 5 ಕೆಲ್ವಿನ್ ಇರಬಹುದು ಎಂದು ಬರೆದಿದ್ದರು. ನಿಜವಾದ ಸಂಖ್ಯೆ 2.7. ಅಂಕಿ ಸ್ವಲ್ಪ ತಪ್ಪಿದರೂ ಹೇಳಿದ ವಸ್ತು ಹೇಳಿದಂತೆಯೇ ಸಿಕ್ಕಿತ್ತು. ಸ್ಥಿರ ಸ್ಥಿತಿಯಲ್ಲಿ ಅದಕ್ಕೆ ಸಹಜವಾದ ಜಾಗ ಇರಲಿಲ್ಲ.

ನಾರ್ಳೀಕರ್ ಬಿಟ್ಟುಕೊಡಲಿಲ್ಲ. 1993ರಲ್ಲಿ ಹಾಯ್ಲ್ ಮತ್ತು ಜೆಫ್ರಿ ಬರ್ಬಿಜ್ ಜೊತೆ ಸೇರಿ ಸಿದ್ಧಾಂತದ ಹೊಸ ರೂಪವನ್ನು ಮಂಡಿಸಿದರು. ನಕ್ಷತ್ರಗಳ ಬೆಳಕನ್ನು ಹೀರಿ ಮೈಕ್ರೋವೇವ್ ಆಗಿ ಹೊರಬಿಡುವ ಸೂಜಿಯಂಥ ಲೋಹದ ಕಣಗಳು ಗೆಲಾಕ್ಸಿಗಳ ನಡುವೆ ಇವೆ ಎಂದು ಅದರಲ್ಲಿ ಊಹಿಸಬೇಕಾಯಿತು. 2025ರ ಮೇ ತಿಂಗಳಲ್ಲಿ ತೀರಿಕೊಂಡ ಅವರು ಬಿಗ್ ಬ್ಯಾಂಗ್ ಅನ್ನು ಕೊನೆಯವರೆಗೂ ಪ್ರಶ್ನಿಸಿದರು. ಎಲ್ಲರೂ ಒಪ್ಪಿದ ಸಿದ್ಧಾಂತವನ್ನು ಒಬ್ಬ ಸಮರ್ಥ ವಿರೋಧಿ ಕೆಣಕುತ್ತಲೇ ಇದ್ದರೆ ಅದರಿಂದ ಸಿದ್ಧಾಂತಕ್ಕೇ ಲಾಭ. ಆದರೆ ಪ್ರತಿ ಹೊಸ ಅಳತೆಗೂ ಒಂದೊಂದು ಹೊಸ ಊಹೆ ಸೇರಿಸುತ್ತಾ ಹೋದಾಗ ಸಿದ್ಧಾಂತದ ಬಲ ಕುಂದುತ್ತದೆ.

ಅದೇ ಪುಣೆಯಿಂದ ಬಂದ ಥರ್ಮಾಮೀಟರ್

ಸ್ವಾರಸ್ಯವೆಂದರೆ, ಬಿಗ್ ಬ್ಯಾಂಗ್‌ನ ಅತ್ಯಂತ ಸೊಗಸಾದ ಪರೀಕ್ಷೆಗಳಲ್ಲಿ ಒಂದನ್ನು ಮಾಡಿದ್ದು ನಾರ್ಳೀಕರ್ ಕಟ್ಟಿದ ಸಂಸ್ಥೆಯ ವಿಜ್ಞಾನಿಯೇ.

ಬಿಗ್ ಬ್ಯಾಂಗ್ ನಿಜವಾದರೆ ಹಿನ್ನೆಲೆ ವಿಕಿರಣ ಹಿಂದೆ ಈಗಿಗಿಂತ ಬಿಸಿಯಾಗಿರಬೇಕು. ಎಷ್ಟು ಬಿಸಿ ಎಂಬುದಕ್ಕೆ ಲೆಕ್ಕ ಸುಲಭ: ಅಂದಿನಿಂದ ವಿಶ್ವ ಎಷ್ಟು ಪಟ್ಟು ಹಿಗ್ಗಿದೆಯೋ ಅಷ್ಟು ಪಟ್ಟು. ಐಯುಕಾದ ಆರ್. ಶ್ರೀಆನಂದ್ ತಮ್ಮ ಫ್ರೆಂಚ್ ಸಹೋದ್ಯೋಗಿಗಳಾದ ಪ್ಯಾಟ್ರಿಕ್ ಪೆಟಿಜಾನ್ ಮತ್ತು ಸೆಡ್ರಿಕ್ ಲೆಡೂ ಜೊತೆ ಚಿಲಿಯ ವಿಎಲ್‌ಟಿ ದೂರದರ್ಶಕದಿಂದ ಸುಮಾರು 1100 ಕೋಟಿ ವರ್ಷಗಳ ಹಿಂದಿನ ಒಂದು ಅನಿಲ ಮೋಡವನ್ನು ನೋಡಿದರು. ಅದರ ಹಿಂದಿದ್ದ ಕ್ವೇಸಾರ್‌ನ ಬೆಳಕು ಮೋಡವನ್ನು ಹಾದು ಬರುವಾಗ ಅಲ್ಲಿನ ಇಂಗಾಲದ ಪರಮಾಣುಗಳು ಆ ಬೆಳಕಿನಲ್ಲಿ ತಮ್ಮ ಗುರುತು ಬಿಡುತ್ತವೆ. ಸುತ್ತಲಿನ ಬಿಸಿಗೆ ತಕ್ಕಂತೆ ಆ ಗುರುತು ಬದಲಾಗುತ್ತದೆ. ಹೀಗಾಗಿ ಮೋಡವೇ ಒಂದು ಥರ್ಮಾಮೀಟರ್.

ಅಂದಿನಿಂದ ವಿಶ್ವ 3.34 ಪಟ್ಟು ಹಿಗ್ಗಿದೆ. 2.725ನ್ನು 3.34ರಿಂದ ಗುಣಿಸಿದರೆ ಬರುವುದು 9.1 ಕೆಲ್ವಿನ್. 2000ದಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಅಳತೆ 6ರಿಂದ 14 ಕೆಲ್ವಿನ್ ನಡುವೆ ಎಂದು ಹೇಳಿತು. ಅಂತರ ದೊಡ್ಡದಾಯಿತು ಎನಿಸಬಹುದು, ಆದರೆ 2.7 ಅಂತೂ ಅದರೊಳಗೆ ಬರುವುದಿಲ್ಲ. 2008ರಲ್ಲಿ ಕಾರ್ಬನ್ ಮಾನಾಕ್ಸೈಡ್ ಅಣುಗಳನ್ನು ಬಳಸಿ ಇದೇ ತಂಡ ಇನ್ನೊಂದು ಮೋಡವನ್ನು ಅಳೆಯಿತು. ಲೆಕ್ಕದಂತೆ 9.3 ಇರಬೇಕಿತ್ತು, ಸಿಕ್ಕಿದ್ದು 9.15, ಹೆಚ್ಚುಕಡಿಮೆ 0.7.

ಒಳ್ಳೆಯ ಪರೀಕ್ಷೆಗೆ ಬೇಕಾದದ್ದೆಲ್ಲ ಇಲ್ಲಿದೆ. ಸಂಖ್ಯೆ ಮೊದಲೇ ಗೊತ್ತಿತ್ತು. ಸಿದ್ಧಾಂತದಲ್ಲಿ ಅದನ್ನು ಬೇಕಾದಂತೆ ತಿರುಗಿಸುವ ತಿರುಪು ಇರಲಿಲ್ಲ. ಅಳತೆ ಬೇರೆ ಬಂದಿದ್ದರೆ ಬಿಗ್ ಬ್ಯಾಂಗ್‌ಗೆ ಉತ್ತರ ಇರುತ್ತಿರಲಿಲ್ಲ. 1990ರಲ್ಲಿ ಕೋಬ್ ಉಪಗ್ರಹ ಹಿನ್ನೆಲೆ ವಿಕಿರಣದ ವರ್ಣಪಟಲವನ್ನು ಅಳೆದಾಗಲೂ ಹೀಗೇ ಆಯಿತು. ಮ್ಯಾಕ್ಸ್ ಪ್ಲಾಂಕ್ 1900ರಲ್ಲಿ ಬರೆದ ಸೂತ್ರದ ರೇಖೆಯ ಮೇಲೆ ಬಿಂದುಗಳು ಎಷ್ಟು ಕರಾರುವಾಕ್ಕಾಗಿ ಕೂತವೆಂದರೆ, ಸಭೆಯಲ್ಲಿದ್ದ ಖಗೋಳ ವಿಜ್ಞಾನಿಗಳು ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಬೇರೆ ದಾರಿಯಿಂದಲೂ ಪರೀಕ್ಷೆ ಬರುತ್ತದೆ. ಆದಿ ವಿಶ್ವದಲ್ಲಿ ಎಷ್ಟು ಹೀಲಿಯಂ ಬೆಂದಿತು ಎಂಬುದು ನ್ಯೂಟ್ರಿನೋಗಳಲ್ಲಿ ಎಷ್ಟು ಬಗೆ ಎಂಬುದರ ಮೇಲೆ ನಿಂತಿದೆ. ಬಗೆಗಳು ಹೆಚ್ಚು ಇರಲಾರವು ಎಂದು ವಿಶ್ವವಿಜ್ಞಾನಿಗಳು 1970ರ ದಶಕದಲ್ಲೇ ಹೇಳಿದ್ದರು. 1989ರಲ್ಲಿ ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯ ಎಣಿಸಿ ನೋಡಿದಾಗ ಮೂರೇ ಇದ್ದವು. ಆಕಾಶ ನೋಡದ ಯಂತ್ರವೊಂದು ಆಕಾಶದ ಸಿದ್ಧಾಂತವನ್ನು ಪರೀಕ್ಷಿಸಿದ ಬಗೆ ಇದು. ಎಲ್ಲ ಪರೀಕ್ಷೆಯಲ್ಲೂ ಪಾಸಾಗಿದೆ ಎಂದೇನೂ ಅಲ್ಲ. ಲಿಥಿಯಂ ಪ್ರಮಾಣ ಹಳೆಯ ನಕ್ಷತ್ರಗಳಲ್ಲಿ ಲೆಕ್ಕದ ಸುಮಾರು ಮೂರನೇ ಒಂದು ಭಾಗದಷ್ಟೇ ಕಾಣುತ್ತದೆ, ಕಾರಣ ಇನ್ನೂ ಖಚಿತವಾಗಿಲ್ಲ.

ನೆಪ್ಚೂನ್ ಸಿಕ್ಕಿತು, ವಲ್ಕನ್ ಸಿಗಲಿಲ್ಲ

ಲಿಥಿಯಂ ಲೆಕ್ಕ ತಪ್ಪಿದರೂ ಬಿಗ್ ಬ್ಯಾಂಗ್ ಯಾಕೆ ಬಿದ್ದುಹೋಗಲಿಲ್ಲ? ಪಾಪರ್ ಮಾತನ್ನು ಅಕ್ಷರಶಃ ತೆಗೆದುಕೊಂಡರೆ ಒಂದು ತಪ್ಪು ಸಾಕಲ್ಲವೇ?

ವಿಜ್ಞಾನ ಹಾಗೆ ನಡೆದಿಲ್ಲ. 19ನೇ ಶತಮಾನದಲ್ಲಿ ಯುರೇನಸ್ ಗ್ರಹ ನ್ಯೂಟನ್ ನಿಯಮದ ಲೆಕ್ಕದಂತೆ ಚಲಿಸುತ್ತಿರಲಿಲ್ಲ. ನ್ಯೂಟನ್ ತಪ್ಪು ಎಂದು ಯಾರೂ ಘೋಷಿಸಲಿಲ್ಲ. ಕಾಣದ ಇನ್ನೊಂದು ಗ್ರಹ ಅದನ್ನು ಎಳೆಯುತ್ತಿದೆ ಎಂದು ಲೆಕ್ಕ ಹಾಕಿದರು, 1846ರಲ್ಲಿ ನೆಪ್ಚೂನ್ ಸಿಕ್ಕಿತು. ಬುಧನ ಕಕ್ಷೆಯ ವ್ಯತ್ಯಾಸಕ್ಕೂ ಅದೇ ಔಷಧ ಹಚ್ಚಿದರು, ವಲ್ಕನ್ ಎಂಬ ಗ್ರಹವನ್ನು ಊಹಿಸಿದರು. ದಶಕಗಳ ಕಾಲ ಹುಡುಕಿದರೂ ಸಿಗಲಿಲ್ಲ. ಅಲ್ಲಿ ನಿಜವಾಗಿಯೂ ತಪ್ಪಿದ್ದು ನ್ಯೂಟನ್ ನಿಯಮವೇ. 1915ರಲ್ಲಿ ಐನ್‌ಸ್ಟೈನ್ ಸಿದ್ಧಾಂತ ಆ ವ್ಯತ್ಯಾಸವನ್ನು ನಿಖರವಾಗಿ ಕೊಟ್ಟಿತು.

ಇಂದಿನ ಡಾರ್ಕ್ ಮ್ಯಾಟರ್ ನೆಪ್ಚೂನೋ ವಲ್ಕನ್ನೋ ಎಂಬುದೇ ಪ್ರಶ್ನೆ. ಗೆಲಾಕ್ಸಿಗಳ ಸುತ್ತಾಟದಿಂದ ಹಿಡಿದು ಹಿನ್ನೆಲೆ ವಿಕಿರಣದವರೆಗೆ ಅನೇಕ ಕಡೆ ಒಂದೇ ಪ್ರಮಾಣದ ಡಾರ್ಕ್ ಮ್ಯಾಟರ್ ಬೇಕಾಗುತ್ತದೆ ಎಂಬುದು ಅದರ ಪರವಾದ ದೊಡ್ಡ ವಾದ. ಕಣ ಮಾತ್ರ ಇನ್ನೂ ಕೈಗೆ ಸಿಕ್ಕಿಲ್ಲ.

ಹಾಗೆಂದು ಸಿದ್ಧಾಂತಗಳು ಸಾಯುವುದೇ ಇಲ್ಲ ಎನ್ನುವಂತಿಲ್ಲ. 2017ರ ಆಗಸ್ಟ್ 17ರಂದು ಸುಮಾರು 13 ಕೋಟಿ ಬೆಳಕಿನ ವರ್ಷ ದೂರದಲ್ಲಿ ಎರಡು ನ್ಯೂಟ್ರಾನ್ ನಕ್ಷತ್ರಗಳು ಡಿಕ್ಕಿಯಾದದ್ದು ಇಲ್ಲಿ ದಾಖಲಾಯಿತು. ಗುರುತ್ವ ಅಲೆ ಬಂದು 1.7 ಸೆಕೆಂಡಿಗೆ ಗಾಮಾ ಕಿರಣವೂ ಬಂತು. ಎರಡರ ವೇಗವೂ ಒಂದೇ ಎಂದಾಯಿತು. ವಿಶ್ವದ ಹಿಗ್ಗುವಿಕೆ ಯಾಕೆ ಚುರುಕಾಗಿದೆ ಎಂದು ವಿವರಿಸಲು ಗುರುತ್ವದ ನಿಯಮವನ್ನೇ ತಿದ್ದಿದ್ದ ಹಲವು ಸಿದ್ಧಾಂತಗಳಲ್ಲಿ ಗುರುತ್ವ ಅಲೆಯ ವೇಗ ಬೆಳಕಿನ ವೇಗಕ್ಕಿಂತ ಬೇರೆ ಇರಬೇಕಿತ್ತು. ಆ ಪೈಕಿ ಬಹಳಷ್ಟು ಅಂದೇ ಮೂಲೆ ಸೇರಿದವು.

ಶರಾವತಿ ಹಿನ್ನೀರಿನಲ್ಲಿ ತೇಲಿದ ಆಂಟೆನಾ

ಸಿದ್ಧಾಂತವನ್ನು ಪರೀಕ್ಷಿಸುವ ಮೊದಲು ಅಳತೆಯನ್ನೇ ಪರೀಕ್ಷಿಸಬೇಕು. ವಿಶ್ವವಿಜ್ಞಾನದಲ್ಲಿ ಹೆಚ್ಚಿನ ಬೆವರು ಹರಿಯುವುದು ಇಲ್ಲೇ. ಇದಕ್ಕೆ ಕರ್ನಾಟಕದ ಕೆರೆ, ಹಿನ್ನೀರುಗಳಲ್ಲಿ ನಡೆದ ಒಂದು ಪ್ರಯೋಗ ಸಾಕ್ಷಿ.

2018ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಎಡ್ಜಸ್ ಎಂಬ ಉಪಕರಣ ನಡೆಸುತ್ತಿದ್ದ ಅಮೆರಿಕದ ತಂಡ ದೊಡ್ಡ ಸುದ್ದಿ ಕೊಟ್ಟಿತು. ಮೊದಲ ನಕ್ಷತ್ರಗಳು ಹೊತ್ತಿಕೊಂಡ ಕಾಲದ ಹೈಡ್ರೋಜನ್ ಅನಿಲದ ಸಂಕೇತ ಸಿಕ್ಕಿದೆ, 78 ಮೆಗಾಹರ್ಟ್ಸ್ ಸುತ್ತ ಆಕಾಶದ ರೇಡಿಯೋ ವಿಕಿರಣದಲ್ಲಿ ಅರ್ಧ ಕೆಲ್ವಿನ್‌ನಷ್ಟು ಇಳಿತ ಇದೆ ಎಂದಿತು. ಒಪ್ಪಿತ ಸಿದ್ಧಾಂತದ ಪ್ರಕಾರ ಇಳಿತ ಅದರ ಅರ್ಧವನ್ನೂ ಮುಟ್ಟಬಾರದು. ಅನಿಲ ಅಷ್ಟು ತಣ್ಣಗಾಗಲು ಡಾರ್ಕ್ ಮ್ಯಾಟರ್ ಅದರ ಶಾಖವನ್ನು ಹೀರಿರಬೇಕು ಎಂಬ ವಿವರಣೆ ಬೆನ್ನಿಗೇ ಬಂತು. ನಿಜವಾಗಿದ್ದರೆ ಭೌತವಿಜ್ಞಾನವೇ ಬದಲಾಗುತ್ತಿತ್ತು.

ತೊಡಕು ಏನೆಂದರೆ, ಅದೇ ಕಂಪನಾಂಕದಲ್ಲಿ ನಮ್ಮ ಆಕಾಶಗಂಗೆಯ ರೇಡಿಯೋ ಸದ್ದು ಸಾವಿರಾರು ಕೆಲ್ವಿನ್. ಅದರೊಳಗೆ ಅರ್ಧ ಕೆಲ್ವಿನ್ ಹುಡುಕುವುದೆಂದರೆ ಜಾತ್ರೆಯ ಗದ್ದಲದಲ್ಲಿ ಪಿಸುಮಾತು ಕೇಳಿಸಿಕೊಂಡಂತೆ. ಅಂಕಿಗಳಿಂದ ಆ ಸದ್ದನ್ನು ಕಳೆದ ರೀತಿಯ ಬಗ್ಗೆ ಅದೇ ವರ್ಷ ರಿಚರ್ಡ್ ಹಿಲ್ಸ್ ಮತ್ತು ಸಂಗಡಿಗರು ಅನುಮಾನ ಎತ್ತಿದರು. ಅವರಲ್ಲಿ ಒಬ್ಬರು ಮುಂದೆ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಸೇರಿದ ಗಿರೀಶ್ ಕುಲಕರ್ಣಿ.

ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ತಂಡ ಇನ್ನೊಂದು ದಾರಿ ಹಿಡಿಯಿತು. ನೆಲದ ಮೇಲಿಟ್ಟ ಆಂಟೆನಾಕ್ಕೆ ಕೆಳಗಿನ ಮಣ್ಣೇ ಶತ್ರು. ಒದ್ದೆ ಪದರ, ಒಣ ಪದರ, ಕಲ್ಲು ಎಲ್ಲವೂ ರೇಡಿಯೋ ಅಲೆಯನ್ನು ಬೇರೆ ಬೇರೆ ರೀತಿ ಹಿಂದಕ್ಕೆ ಎಸೆಯುತ್ತವೆ, ಅದರಿಂದ ಇಲ್ಲದ ಇಳಿತವೂ ಕಾಣಿಸಬಹುದು. ನೀರು ಹಾಗಲ್ಲ, ಎಲ್ಲ ಕಡೆಯೂ ಒಂದೇ. ಹೀಗಾಗಿ 2020ರ ಆರಂಭದಲ್ಲಿ ಸರಸ್-3 ಎಂಬ ಆಂಟೆನಾವನ್ನು ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿ ಹಿನ್ನೀರಿನಲ್ಲೂ ತೆಪ್ಪದ ಮೇಲೆ ತೇಲಿಬಿಟ್ಟು ಅಳತೆ ಮಾಡಲಾಯಿತು. ಎಫ್‌ಎಂ ರೇಡಿಯೋ ಕೇಂದ್ರಗಳ ಹಾವಳಿ ಕಡಿಮೆ ಇರುವ ಜಾಗವೇ ಬೇಕಿತ್ತು.

ಸೌರಭ್ ಸಿಂಗ್, ರವಿ ಸುಬ್ರಹ್ಮಣ್ಯನ್, ಎನ್. ಉದಯ ಶಂಕರ್ ಮತ್ತಿತರರ ತಂಡ 2022ರಲ್ಲಿ ‘ನೇಚರ್ ಆಸ್ಟ್ರಾನಮಿ’ಯಲ್ಲಿ ಫಲಿತಾಂಶ ಪ್ರಕಟಿಸಿತು. ಎಡ್ಜಸ್ ಹೇಳಿದ ಆಕಾರದ ಇಳಿತ ಕಾಣಲಿಲ್ಲ. ಅದು ಆಕಾಶದ್ದಲ್ಲ ಎಂಬುದಕ್ಕೆ ವಿಶ್ವಾಸದ ಮಟ್ಟ ಶೇ. 95.3. ಭೌತವಿಜ್ಞಾನಿಗಳು ‘ಕಂಡುಹಿಡಿದೆವು’ ಎನ್ನಲು ಬಯಸುವ ಮಟ್ಟಕ್ಕಿಂತ ಇದು ಬಹಳ ಕೆಳಗೆ, ಹಾಗಾಗಿ ಇದೇ ಕೊನೆಯ ತೀರ್ಪೇನಲ್ಲ. ಆದರೆ ಹೊಸ ಭೌತವಿಜ್ಞಾನ ಬೇಕೆಂಬ ಒತ್ತಾಯ ಅಲ್ಲಿಗೆ ಸಡಿಲವಾಯಿತು. ರೇಡಿಯೋ ಗದ್ದಲವೇ ಇಲ್ಲದ ಚಂದ್ರನ ಮರೆಯ ಭಾಗದಿಂದ ಅಳೆಯಲು ‘ಪ್ರತುಷ್’ ಎಂಬ ಉಪಕರಣವನ್ನು ಇದೇ ಸಂಸ್ಥೆ ರೂಪಿಸುತ್ತಿದೆ.

ಧೂಳು ಮಾಡಿದ ಮೋಸ ಇನ್ನೂ ಹೆಚ್ಚು ಸುದ್ದಿಯಾಗಿತ್ತು. ವಿಶ್ವ ತನ್ನ ಮೊದಲ ಕ್ಷಣದ ಅತಿ ಸಣ್ಣ ಭಾಗದಲ್ಲಿ ಭಾರಿ ವೇಗದಿಂದ ಉಬ್ಬಿತು ಎಂಬುದು ಇನ್‌ಫ್ಲೇಶನ್ ಸಿದ್ಧಾಂತ. ಆ ಉಬ್ಬರ ಎಬ್ಬಿಸಿದ ಗುರುತ್ವ ಅಲೆಗಳ ಗುರುತು ಸಿಕ್ಕಿತೆಂದು ದಕ್ಷಿಣ ಧ್ರುವದ ಬೈಸೆಪ್-2 ತಂಡ 2014ರ ಮಾರ್ಚ್ 17ರಂದು ಪ್ರಕಟಿಸಿತು. ಸಿದ್ಧಾಂತದ ಶಿಲ್ಪಿಗಳಲ್ಲಿ ಒಬ್ಬರಾದ ಆಂದ್ರೆ ಲಿಂಡೆ ಮನೆ ಬಾಗಿಲಲ್ಲೇ ಸುದ್ದಿ ಕೇಳಿ ಭಾವುಕರಾದ ವಿಡಿಯೋ ಜಗತ್ತೆಲ್ಲ ಓಡಾಡಿತು. ಆದರೆ ತಂಡ ನೋಡಿದ್ದು ಒಂದೇ ಕಂಪನಾಂಕದಲ್ಲಿ. ನಮ್ಮದೇ ಗೆಲಾಕ್ಸಿಯ ಧೂಳೂ ಅಂಥದೇ ಗುರುತು ಬಿಡುತ್ತದೆ. ಪ್ಲಾಂಕ್ ಉಪಗ್ರಹದ ಅಂಕಿಗಳನ್ನು ಸೇರಿಸಿ ಎರಡೂ ತಂಡ ಜಂಟಿಯಾಗಿ ಲೆಕ್ಕ ಮಾಡಿದಾಗ, 2015ರ ಆರಂಭದ ಹೊತ್ತಿಗೆ, ಆ ಹಕ್ಕುಸಾಧನೆ ಕುಸಿಯಿತು.

ಇಂಥ ಅನುಭವಗಳಿಂದ ಜಾಗ್ರತೆ ಹೆಚ್ಚಿದೆ. ಡಾರ್ಕ್ ಎನರ್ಜಿ ಸರ್ವೆಯಂಥ ಯೋಜನೆಗಳಲ್ಲಿ ಲೆಕ್ಕ ಮುಗಿಯುವವರೆಗೂ ಅಂತಿಮ ಸಂಖ್ಯೆಯನ್ನು ವಿಜ್ಞಾನಿಗಳಿಂದಲೇ ಮುಚ್ಚಿಡಲಾಗುತ್ತದೆ. ಬೇಕಾದ ಉತ್ತರ ಬಂದ ಕೂಡಲೇ ದೋಷ ಹುಡುಕುವುದನ್ನು ನಿಲ್ಲಿಸುವುದು ಮನುಷ್ಯ ಸ್ವಭಾವ, ವಿಜ್ಞಾನಿಯೂ ಅದಕ್ಕೆ ಹೊರತಲ್ಲ. ಇನ್ನೊಂದು ಉಪಾಯ ಒಂದೇ ಸಂಖ್ಯೆಯನ್ನು ಎರಡು ದಾರಿಯಲ್ಲಿ ಅಳೆಯುವುದು. ವಿಶ್ವ ಹಿಗ್ಗುವ ದರ ಹಿನ್ನೆಲೆ ವಿಕಿರಣದಿಂದ ಲೆಕ್ಕ ಹಾಕಿದರೆ 67 ಬರುತ್ತದೆ, ಹತ್ತಿರದ ಗೆಲಾಕ್ಸಿಗಳ ಸೂಪರ್‌ನೋವಾಗಳಿಂದ ಅಳೆದರೆ 73ರ ಆಸುಪಾಸು. ಅಳತೆ ತಪ್ಪೋ ಸಿದ್ಧಾಂತ ತಪ್ಪೋ ಎಂಬ ವಾದ ಮುಗಿದಿಲ್ಲ.

ಎಲ್ಲಕ್ಕೂ ಉತ್ತರ ಇದ್ದರೆ ಅದೇ ತೊಂದರೆ

ನಿಜವಾದ ಜಗಳ ಇರುವುದು ಇನ್‌ಫ್ಲೇಶನ್ ಬಗ್ಗೆ. 1981ರಲ್ಲಿ ಅಲನ್ ಗುಥ್ ಇದನ್ನು ಮಂಡಿಸಿದ ಮೇಲೆ ಅದು ಹೇಳಿದ ಹಲವು ಸಂಗತಿಗಳು ಹೊಂದಿವೆ. ಆದಿ ವಿಶ್ವದ ಏರುಪೇರುಗಳು ದೊಡ್ಡ ಅಳತೆಯಲ್ಲೂ ಸಣ್ಣ ಅಳತೆಯಲ್ಲೂ ಬಹುತೇಕ ಸಮ, ಆದರೆ ಪೂರ್ತಿ ಸಮವಲ್ಲ ಎಂದು ಅದರ ಸರಳ ಮಾದರಿಗಳು ಹೇಳಿದ್ದವು. ಪೂರ್ತಿ ಸಮವಾಗಿದ್ದರೆ ಆ ಸಂಖ್ಯೆ 1. ಪ್ಲಾಂಕ್ ಅಳೆದದ್ದು 0.965.

ಆದರೆ ಇನ್‌ಫ್ಲೇಶನ್ ಒಂದು ಸಿದ್ಧಾಂತವಲ್ಲ, ದೊಡ್ಡ ಕುಟುಂಬ. ಅದರಲ್ಲಿ ನೂರಾರು ಮಾದರಿಗಳಿವೆ, ಒಂದು ಸೋತರೆ ಇನ್ನೊಂದು ಇದ್ದೇ ಇರುತ್ತದೆ. 2017ರಲ್ಲಿ ಅನಾ ಇಯಾಸ್, ಪಾಲ್ ಸ್ಟೈನ್‌ಹಾರ್ಟ್ ಮತ್ತು ಆವಿ ಲೋಬ್ ಇದನ್ನು ಪರೀಕ್ಷಿಸಲು ಸಾಧ್ಯವೇ ಇಲ್ಲ ಎಂಬರ್ಥದ ಲೇಖನ ಬರೆದರು. 33 ವಿಜ್ಞಾನಿಗಳು ಸಹಿ ಹಾಕಿ ಪ್ರತಿಭಟಿಸಿದರು. ಒಂದೊಂದು ಮಾದರಿಯೂ ಪರೀಕ್ಷೆಗೆ ಸಿಗುತ್ತದೆ, ಹಲವು ಈಗಾಗಲೇ ಸತ್ತಿವೆ ಎಂಬುದು ಅವರ ಉತ್ತರ. ಸ್ಟೈನ್‌ಹಾರ್ಟ್ ಕೂಡ ಇನ್‌ಫ್ಲೇಶನ್ ಕಟ್ಟಿದವರಲ್ಲಿ ಒಬ್ಬರು ಎಂಬುದು ಈ ಜಗಳಕ್ಕೆ ಇನ್ನಷ್ಟು ಖಾರ ಸೇರಿಸಿತು. ಎರಡೂ ಕಡೆಯ ಮಾತಿನಲ್ಲಿ ಹುರುಳಿದೆ. ಮಾದರಿಗಳು ಸಾಯುತ್ತಿವೆ, ನಿಜ. ಯಾವ ಅಳತೆ ಬಂದರೆ ಇಡೀ ಕುಟುಂಬವನ್ನೇ ಕೈಬಿಡಬೇಕು ಎಂಬುದನ್ನು ಮಾತ್ರ ಯಾರೂ ಎಲ್ಲರೂ ಒಪ್ಪುವಂತೆ ಹೇಳಿಲ್ಲ.

ಬಹುವಿಶ್ವದ ಮಾತು ಇನ್ನೂ ಜಟಿಲ. ಇನ್‌ಫ್ಲೇಶನ್ ನಿಲ್ಲದೆ ಮುಂದುವರಿದು ಬೇರೆ ಬೇರೆ ನಿಯಮಗಳಿರುವ ಎಣಿಸಲಾರದಷ್ಟು ವಿಶ್ವಗಳು ಹುಟ್ಟುತ್ತವೆ ಎನ್ನುವವರಿದ್ದಾರೆ. ಅವುಗಳನ್ನು ನೋಡುವ ದಾರಿಯಿಲ್ಲ. ಸಾಕ್ಷ್ಯ ಬೇಡ, ಸೊಗಸು ಸಾಕು ಎನ್ನುವ ದಾರಿಗೆ ಇಳಿದರೆ ಭೌತವಿಜ್ಞಾನಕ್ಕೇ ಅಪಾಯ ಎಂದು ಜಾರ್ಜ್ ಎಲ್ಲಿಸ್ ಮತ್ತು ಜೋ ಸಿಲ್ಕ್ 2014ರ ಡಿಸೆಂಬರ್‌ನಲ್ಲಿ ‘ನೇಚರ್’ನಲ್ಲಿ ಎಚ್ಚರಿಸಿದರು. ಅದೇ ವರ್ಷ ಷಾನ್ ಕ್ಯಾರೊಲ್ ಇದಕ್ಕೆ ವಿರುದ್ಧವಾಗಿ, ಪಾಪರ್ ಅಳತೆಗೋಲನ್ನೇ ನಿವೃತ್ತಿಗೊಳಿಸಬೇಕು ಎಂದು ವಾದಿಸಿದರು.

ಬಹುವಿಶ್ವದ ಪರ ಇರುವವರು ಸ್ಟೀವನ್ ವೈನ್‌ಬರ್ಗ್ ಅವರ ಹೆಸರು ಹೇಳುತ್ತಾರೆ. ಖಾಲಿ ಜಾಗದ ಶಕ್ತಿ ಒಂದು ಮಿತಿಯನ್ನು ಮೀರಿದ್ದರೆ ಗೆಲಾಕ್ಸಿಗಳೇ ಹುಟ್ಟುತ್ತಿರಲಿಲ್ಲ, ನಾವೂ ಇರುತ್ತಿರಲಿಲ್ಲ ಎಂದು ಅವರು 1987ರಲ್ಲಿ ಲೆಕ್ಕ ಹಾಕಿದ್ದರು. 1998ರಲ್ಲಿ ಸೂಪರ್‌ನೋವಾಗಳಿಂದ ಆ ಶಕ್ತಿ ಶೂನ್ಯವಲ್ಲ ಎಂದು ಗೊತ್ತಾದಾಗ ಸಂಖ್ಯೆ ಆ ಮಿತಿಯೊಳಗೇ ಇತ್ತು. ಮೊದಲೇ ಹೇಳಿದ್ದು ಹೌದು. ಆದರೆ ಅದು ನಿಖರ ಸಂಖ್ಯೆಯಲ್ಲ, ಮಿತಿ ಮಾತ್ರ. ಪುಣೆಯ ವಿಜ್ಞಾನಿ ಪರೀಕ್ಷೆಗೆ ಒಡ್ಡಿದ 9.1 ಕೆಲ್ವಿನ್‌ನ ಪಕ್ಕದಲ್ಲಿಟ್ಟು ನೋಡಿದರೆ ಇದು ಎಷ್ಟು ಸಡಿಲ ಎಂಬುದು ತಿಳಿಯುತ್ತದೆ. ಪಕ್ಕದ ವಿಶ್ವ ನಮ್ಮದಕ್ಕೆ ತಾಗಿದ್ದರೆ ಹಿನ್ನೆಲೆ ವಿಕಿರಣದಲ್ಲಿ ದುಂಡನೆಯ ಕಲೆ ಉಳಿದಿರಬೇಕು ಎಂದು ಕೆಲವರು ಹುಡುಕಿಯೂ ನೋಡಿದರು. ನಂಬುವಂಥದ್ದೇನೂ ಸಿಗಲಿಲ್ಲ. ಸಿಗದಿದ್ದರೆ ಬಹುವಿಶ್ವ ಸುಳ್ಳು ಎಂದೂ ಹೇಳುವಂತಿಲ್ಲ, ತೊಂದರೆ ಇರುವುದು ಅಲ್ಲೇ.

ಎಷ್ಟೇ ಒಳ್ಳೆಯ ಯಂತ್ರ ಬಂದರೂ ದಾಟಲಾಗದ ಗೋಡೆಯೂ ಒಂದಿದೆ. ಅಳೆಯಲು ಇರುವುದು ಒಂದೇ ಆಕಾಶ. ಹಿನ್ನೆಲೆ ವಿಕಿರಣದ ಅತಿ ದೊಡ್ಡ ಅಳತೆಯ ಏರುಪೇರು ಲೆಕ್ಕಕ್ಕಿಂತ ಸ್ವಲ್ಪ ಕಡಿಮೆ ಕಾಣುತ್ತದೆ. ಅದು ಹೊಸ ನಿಯಮದ ಸುಳಿವೋ ಬರೀ ಆಕಸ್ಮಿಕವೋ? ಒಂದೇ ಸಲ ಎಸೆದ ದಾಳದಲ್ಲಿ ಆರು ಬಿತ್ತೆಂದು ದಾಳದಲ್ಲಿ ಮೋಸವಿದೆ ಎನ್ನಲಾಗದು.

ಇಷ್ಟಾದರೂ ಇನ್‌ಫ್ಲೇಶನ್ ಮಾದರಿಗಳಿಗೆ ಒಂದು ನೇರ ಪರೀಕ್ಷೆ ಕಾದಿದೆ. ಆದಿ ಗುರುತ್ವ ಅಲೆಗಳ ಬಲವನ್ನು ಹೇಳುವ ಸಂಖ್ಯೆ ಬೈಸೆಪ್-2 ಪ್ರಕಾರ 0.2 ಇತ್ತು. ದಕ್ಷಿಣ ಧ್ರುವದ ಅದೇ ಸರಣಿಯ ದೂರದರ್ಶಕಗಳು 2021ರಲ್ಲಿ ಅದು 0.036ಕ್ಕಿಂತ ಕಡಿಮೆ ಎಂದು ತೋರಿಸಿವೆ. ಪಠ್ಯಪುಸ್ತಕಗಳಲ್ಲಿದ್ದ ಅತ್ಯಂತ ಸರಳ ಮಾದರಿಗೆ 0.13ರಷ್ಟು ಬೇಕಿತ್ತು, ಅದರ ಕಥೆ ಮುಗಿದಿದೆ. ರಷ್ಯಾದ ಅಲೆಕ್ಸಿ ಸ್ಟಾರೊಬಿನ್‌ಸ್ಕಿ 1980ರಲ್ಲಿ ಕೊಟ್ಟ ಮಾದರಿ ಹೇಳುವ ಸಂಖ್ಯೆ 0.003ರ ಸುತ್ತಮುತ್ತ. ಜಪಾನ್ ನೇತೃತ್ವದ ಲೈಟ್‌ಬರ್ಡ್ ಉಪಗ್ರಹ ಯೋಜನೆಯ ಗುರಿ 0.001ರ ಮಟ್ಟ ಮುಟ್ಟುವುದು. ಅಲ್ಲಿಗೆ ತಲುಪಿಯೂ ಏನೂ ಕಾಣದಿದ್ದರೆ ಸ್ಟಾರೊಬಿನ್‌ಸ್ಕಿ ಮಾದರಿಯನ್ನೂ ಕೈಬಿಡಬೇಕಾಗುತ್ತದೆ.